ಏತಕ್ಕೆ ಕವಣೆ ಕಟ್ಟಿದರೆ

(ನಮ್ಮೂರಿನ ಗ್ರಂಥಾಲಯದ ಮಹಡಿಯಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತಿನ ಬರಹ ರೂಪ. ಮಾತಿನಲ್ಲಿ ಆದ ತೊದಲು, ಮರುಮಾತುಗಳನ್ನು ಮಾತ್ರ ತೆಗೆದಿದ್ದೇನೆ.)

ಮೊದಲಿಗೇ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಮೇಜಿನ ಮೇಲಿರುವ ಈ ಮರದ ಸಾಮಾನು ಇವತ್ತು ಬೆಳಿಗ್ಗೆ ನಮ್ಮ ನಡುಮನೆಯಲ್ಲಿ ಒಂದು ಅಡಿಕೆಯನ್ನು ಎಸೆಯಿತು. ಮುಂದಕ್ಕಲ್ಲ, ಹಿಂದಕ್ಕೆ. ಹಿಂದೆ ಟಿ.ವಿ. ಇತ್ತು. ಟಿ.ವಿ.ಗೆ ಏನೂ ಆಗಲಿಲ್ಲ, ನನ್ನ ಮರ್ಯಾದೆಗೆ ಸ್ವಲ್ಪ ಆಯಿತು. ಆದ್ದರಿಂದ ಮುಂದಿನ ಸಾಲಿನಲ್ಲಿ ಕೂತ ಮಕ್ಕಳು ದಯವಿಟ್ಟು ಎರಡು ಸಾಲು ಹಿಂದೆ ಹೋಗಿ. ನನ್ನ ಹಿಂದೆ ನಿಂತಿರುವ ಅಧ್ಯಕ್ಷರೂ ಸ್ವಲ್ಪ ಪಕ್ಕಕ್ಕೆ ಬಂದರೆ ಒಳ್ಳೆಯದು.

ಇದು ಕೋಟೆಗೆ ಕಲ್ಲೆಸೆಯುವ ಯಂತ್ರದ ಪುಟ್ಟ ಮಾದರಿ. ಇದರ ದೊಡ್ಡ ರೂಪಕ್ಕೆ ಯುರೋಪಿನವರು ಟ್ರೆಬುಶೆ ಅಂತಾರೆ. ಅರಬ್ಬರು ಮಂಜನೀಕ್ ಅಂದರು. ಚೀನೀಯರು ಪಾವ್ ಅಂದರು. ನಮ್ಮಲ್ಲೂ ಒಂದು ಪದ ಇತ್ತು. ಹಳೆಯ ಕನ್ನಡ ನಿಘಂಟಿನಲ್ಲಿ ಡೆಂಕಣಿ ಅಂತ ಹುಡುಕಿ. ಕಲ್ಲೆಸೆಯುವ ಯಂತ್ರ ಎನ್ನುವ ಅರ್ಥ ಸಿಗುತ್ತದೆ. ಉತ್ತರದ ಕಡೆ ಬಾವಿಯಿಂದ ನೀರೆತ್ತುವ ಏತಕ್ಕೆ ಢೇಂಕ್ಲಿ ಅಂತಾರೆ. ಡೆಂಕಣಿ, ಢೇಂಕ್ಲಿ. ಕಿವಿಗೆ ಹೊಡೆಯುತ್ತೆ ಅಲ್ವಾ?

ಏತ ಎಷ್ಟು ಜನ ನೋಡಿದ್ದೀರಿ? ಕೈ ಎತ್ತಿ. ಹತ್ತು ಹನ್ನೆರಡು ಜನ, ಎಲ್ಲರೂ ತಲೆ ನರೆತವರು. ಉಳಿದವರಿಗೆ ಏತ ಅಂದರೆ ಪೇಪರಿನಲ್ಲಿ ಬರುವ ಏತ ನೀರಾವರಿ ಯೋಜನೆ ಅಷ್ಟೇ. ಬಾವಿಯ ಪಕ್ಕ ಒಂದು ಕವಲು ಕಂಬ. ಅದರ ಮೇಲೆ ಒಂದು ಉದ್ದ ತೊಲೆ. ತೊಲೆಯ ಉದ್ದನೆಯ ತುದಿಗೆ ಗಳು, ಗಳುವಿಗೆ ಬಾನಿ. ಗಿಡ್ಡ ತುದಿಗೆ ಕಟ್ಟಿದ ಕಲ್ಲು. ಬಾನಿಯನ್ನು ಕೆಳಗೆ ಎಳೆದು ನೀರು ತುಂಬಿಸಿ ಬಿಟ್ಟರೆ, ಆ ಕಲ್ಲು ಕೆಳಗಿಳಿದು ನೀರು ಮೇಲೆ ಬರುತ್ತದೆ.

ಇನ್ನು ಕವಣೆ. ಜೋಳದ ಹೊಲದಲ್ಲಿ ಅಟ್ಟಣೆ ಮೇಲೆ ನಿಂತು ಹಕ್ಕಿ ಓಡಿಸುವವರ ಕೈಯಲ್ಲಿ ಇರುತ್ತಿತ್ತಲ್ಲ, ಅದೇ. ನಡುವೆ ಕಲ್ಲಿಡುವ ಜಾಗ, ಎರಡು ಕಡೆ ಹಗ್ಗ. ಒಂದು ಹಗ್ಗದ ಕುಣಿಕೆ ಬೆರಳಿಗೆ ಸಿಕ್ಕಿಸಿಕೊಳ್ಳಬೇಕು. ಇನ್ನೊಂದನ್ನು ಸುಮ್ನೆ ಹಿಡಿದಿರಬೇಕು. ತಲೆಯ ಮೇಲೆ ಬೀಸಿ, ಸರಿಯಾದ ಹೊತ್ತಿಗೆ ಆ ಇನ್ನೊಂದನ್ನು ಬಿಡಬೇಕು. ಬೇಗ ಬಿಟ್ಟರೆ ಕಲ್ಲು ಪಕ್ಕದವರ ಹೊಲಕ್ಕೆ. ತಡವಾಗಿ ಬಿಟ್ಟರೆ ನಿಮ್ಮದೇ ಕಾಲ ಬುಡಕ್ಕೆ.

ಟ್ರೆಬುಶೆ ಅಂದರೆ ಇಷ್ಟೇ: ಏತದ ಉದ್ದ ತುದಿಗೆ ಬಾನಿಯ ಬದಲು ಕವಣೆ ಕಟ್ಟಿದ್ದು. ಇವತ್ತು ನಾನು ಹೇಳುವುದೆಲ್ಲ ಈ ಒಂದು ಮಾತಿನ ಸುತ್ತಲೇ.

ಒಂದು ವ್ಯತ್ಯಾಸ ಮಾತ್ರ ಇದೆ, ಅದು ದೊಡ್ಡದು. ಏತದ ಕಲ್ಲು ನೀರಿನ ತೂಕಕ್ಕೆ ಹೊಂದಿಕೊಂಡಿರಬೇಕು, ಇಲ್ಲದಿದ್ದರೆ ರೈತನ ಸೊಂಟ ಹೋಗುತ್ತದೆ. ಟ್ರೆಬುಶೆಯಲ್ಲಿ ಬೇಕೆಂದೇ ಹೊಂದದ ತೂಕ ಇಡುತ್ತಾರೆ. ಇಂಗ್ಲೆಂಡಿನ ವಾರಿಕ್ ಕೋಟೆಯಲ್ಲಿ 2005ರಲ್ಲಿ ಪ್ರವಾಸಿಗರಿಗಾಗಿ ಒಂದನ್ನು ಕಟ್ಟಿದರು. 18 ಮೀಟರ್ ಎತ್ತರ, 22 ಟನ್ ತೂಕ. ಅದರ ಗಿಡ್ಡ ತುದಿಗೆ ಕಟ್ಟಿದ ಪೆಟ್ಟಿಗೆಯಲ್ಲಿ ಸುಮಾರು 6 ಟನ್ ಭಾರ. ಎಸೆಯುತ್ತಿದ್ದದ್ದು ಸಾಮಾನ್ಯವಾಗಿ 36 ಕಿಲೋ ಕಲ್ಲು. ಅಂದರೆ ಕಲ್ಲಿನ ನೂರೈವತ್ತು ಪಟ್ಟಿಗಿಂತ ಜಾಸ್ತಿ ಭಾರ! ಇಷ್ಟು ಯಾಕೆ? ಪೆಟ್ಟಿಗೆ ಕಲ್ಲನ್ನು ಎತ್ತಿದರೆ ಸಾಲದು. ಕಲ್ಲು ಇಲ್ಲವೇ ಇಲ್ಲ ಎಂಬಂತೆ ಬೀಳಬೇಕು. ಅದು ಒಂದು ಅಡಿ ಇಳಿದರೆ ತೊಲೆಯ ಉದ್ದ ತುದಿ ನಾಲ್ಕೈದು ಅಡಿ ಏರುತ್ತದೆ. ಆ ತುದಿಗೆ ಕಟ್ಟಿದ ಕವಣೆ ಚಾಟಿಯ ಹಾಗೆ ಇನ್ನೂ ಜೋರಾಗಿ ಸುತ್ತುತ್ತದೆ. ಚೆನ್ನಾಗಿ ಕಟ್ಟಿದ ಯಂತ್ರದಲ್ಲಿ ಕಲ್ಲು ಬಿಡುವ ಹೊತ್ತಿಗೆ ಆ ಆರು ಟನ್ನಿನ ಪೆಟ್ಟಿಗೆ ಒಂದು ಕ್ಷಣ ನಿಂತ ಹಾಗೆ ಕಾಣುತ್ತದೆ. ಇದ್ದದ್ದನ್ನೆಲ್ಲ ಕಲ್ಲಿಗೆ ಕೊಟ್ಟಾಗಿದೆ, ತನಗೇನೂ ಉಳಿದಿಲ್ಲ.

ಇನ್ನು ಬಿಡುವುದು. ಇಲ್ಲಿ ನೋಡಿ, ತೊಲೆಯ ತುದಿಯಲ್ಲಿ ಒಂದು ಮೊಳೆ. ಕವಣೆಯ ಒಂದು ಹಗ್ಗವನ್ನು ತೊಲೆಗೇ ಕಟ್ಟಿದ್ದೇನೆ. ಇನ್ನೊಂದರ ಕುಣಿಕೆ ಈ ಮೊಳೆಗೆ ಸಿಕ್ಕಿಸಿದೆ, ಅಷ್ಟೇ. ತೊಲೆ ತಿರುಗುತ್ತಾ ಬಂದಂತೆ ಕುಣಿಕೆ ತಾನಾಗಿ ಜಾರುತ್ತದೆ. ಮೊಳೆ ನೆಟ್ಟಗಿದ್ದರೆ ಬೇಗ ಜಾರುತ್ತದೆ. ಕೊಕ್ಕೆಯಂತೆ ಬಗ್ಗಿದ್ದರೆ ತಡವಾಗಿ. ಬೆಳಿಗ್ಗೆ ನನ್ನ ಮೊಳೆ ನೆಟ್ಟಗಿತ್ತು. ಅಡಿಕೆ ಇನ್ನೂ ಹಿಂದಕ್ಕೆ, ಮೇಲಕ್ಕೆ ಹೋಗುತ್ತಿರುವಾಗಲೇ ಕುಣಿಕೆ ಕಳಚಿಕೊಂಡಿತು. ಈಗ ಇಕ್ಕಳದಲ್ಲಿ ಸ್ವಲ್ಪ ಬಗ್ಗಿಸಿದ್ದೇನೆ. (ಇಲ್ಲಿ ಒಂದು ಸಲ ಎಸೆದು ತೋರಿಸಿದೆ. ಅಡಿಕೆ ಮುಂದಕ್ಕೇ ಹೋಯಿತು. ಕಿಟಕಿ ಸರಳಿಗೆ ತಾಗಿತು. ಚಪ್ಪಾಳೆ ಬಿತ್ತು.)

ರೋಮನ್ನರ ಕಲ್ಲೆಸೆತದ ಯಂತ್ರವನ್ನೂ ಇದನ್ನೂ ಸಿನಿಮಾದವರು ಒಂದೇ ಮಾಡಿಬಿಡುತ್ತಾರೆ. ರೋಮನ್ನರದ್ದು ನರ, ಕೂದಲುಗಳ ಹಗ್ಗವನ್ನು ಹುರಿಮಾಡಿ ಬಿಗಿದು, ಆ ತಿರುಚಿನ ಬಲದಿಂದ ಎಸೆಯುವಂಥದ್ದು. ಇದು ಬರೀ ಬೀಳುವ ಭಾರದ ಬಲ.

ಆದರೆ ಮೊದಲಿಗೆ ಭಾರವೂ ಇರಲಿಲ್ಲ. ಇದು ಹುಟ್ಟಿದ್ದು ಚೀನಾದಲ್ಲಿ, ಕ್ರಿ.ಪೂ. 4ನೆಯ ಶತಮಾನದ ಹೊತ್ತಿಗೆ. ತೊಲೆಯ ಗಿಡ್ಡ ತುದಿಗೆ ಹತ್ತಾರು ಹಗ್ಗ ಕಟ್ಟಿ ಜನ ಒಟ್ಟಿಗೆ ಎಳೆಯುತ್ತಿದ್ದರು. ತೇರು ಎಳೆದ ಹಾಗೆ, ಆದರೆ ಒಂದೇ ಜಗ್ಗು. ಅಲ್ಲಿಂದ ಅದು ಪಶ್ಚಿಮಕ್ಕೆ ಸರಿಯಿತು. 6ನೆಯ ಶತಮಾನದ ಕೊನೆಗೆ ಆವಾರರು ಎಂಬ ಅಲೆಮಾರಿ ಸವಾರರು ಗ್ರೀಸಿನ ಥೆಸಲೊನಿಕಿ ನಗರಕ್ಕೆ ಮುತ್ತಿಗೆ ಹಾಕಿದಾಗ ಅಲ್ಲಿನ ಧರ್ಮಗುರು ಈ ಯಂತ್ರಗಳನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಎಳೆಯುವವರಿಗೆ ಬಾಣ ತಾಗದ ಹಾಗೆ ಮೂರು ಕಡೆ ಹಲಗೆ ಹೊಡೆದಿದ್ದರಂತೆ.

ನಮ್ಮ ಉಪಖಂಡಕ್ಕೆ ಬಂದದ್ದರ ಕಥೆಯೂ ಇದೆ. 711-12ರ ಸುಮಾರಿಗೆ ಅರಬ್ ಸೇನಾಪತಿ ಮಹಮ್ಮದ್ ಬಿನ್ ಕಾಸಿಮ್ ಸಿಂಧ್‌ನ ದೇಬಲ್ ಬಂದರಿಗೆ ಮುತ್ತಿಗೆ ಹಾಕಿದ. ಅವನ ಹತ್ತಿರ ಒಂದು ಮಂಜನೀಕ್ ಇತ್ತು. ಹೆಸರು ಅರೂಸ್, ಅಂದರೆ ಮದುಮಗಳು. ಈ ಮದುಮಗಳನ್ನು ಎಳೆಯಲು 500 ಜನ ಬೇಕಿತ್ತು ಎಂದು 9ನೆಯ ಶತಮಾನದ ಅರಬ್ ಇತಿಹಾಸಕಾರ ಬಲಾಧುರಿ ಬರೆಯುತ್ತಾನೆ. ಊರಿನ ನಡುವೆ ಎತ್ತರದ ಗುಡಿ, ಅದರ ಮೇಲೆ ಒಂದು ಧ್ವಜಸ್ತಂಭ. ಕಾಸಿಮ್‌ನ ಮೇಲಧಿಕಾರಿ ಹಜ್ಜಾಜ್ ಇರುವುದು ದೂರದ ಇರಾಕ್‌ನಲ್ಲಿ. ಅಲ್ಲಿಂದಲೇ ಕಾಗದ ಬರೆಯುತ್ತಾನೆ: ಮಂಜನೀಕ್‌ನ ಕಾಲು ಗಿಡ್ಡ ಮಾಡಿ, ಆ ಸ್ತಂಭಕ್ಕೆ ಗುರಿಯಿಡಿ, ಅಂತ. ಸ್ತಂಭ ಮುರಿಯಿತು, ಊರು ಬಿತ್ತು. ಮುತ್ತಿಗೆಯ ಕಥೆಗಳಲ್ಲಿ ರಾಜರ ಶೌರ್ಯದ ವರ್ಣನೆ ರಾಶಿ ಇರುತ್ತದೆ. ಸಮುದ್ರದಾಚೆ ಕೂತ ಅಧಿಕಾರಿಯೊಬ್ಬ ಯಂತ್ರದ ಕಾಲು ಕತ್ತರಿಸಿ ಅಂತ ಪತ್ರ ಬರೆಯುವುದು ಅಪರೂಪ. ನನಗೆ ಈ ಸಾಲು ತುಂಬಾ ಇಷ್ಟ. ಅದೂ ಕೊನೆಗೆ ಬಿಡುವ ಕೋನದ ಮಾತೇ ತಾನೆ?

ಮನುಷ್ಯರ ಜಾಗಕ್ಕೆ ಭಾರ ತುಂಬಿದ ಪೆಟ್ಟಿಗೆ ಬಂದದ್ದು 12ನೆಯ ಶತಮಾನದಲ್ಲಿ. ಈಜಿಪ್ಟ್, ಸಿರಿಯಾಗಳ ಸುಲ್ತಾನ ಸಲಾದೀನನಿಗಾಗಿ 1187ರ ಸುಮಾರಿಗೆ ಅಲ್-ತರ್ಸೂಸಿ ಎಂಬುವನು ಬರೆದ ಆಯುಧಗಳ ಪುಸ್ತಕದಲ್ಲಿ ಅದರ ಚಿತ್ರವಿದೆ. ಬಲೆಯಲ್ಲಿ ಕಲ್ಲು ತುಂಬಿ ತೊಲೆಗೆ ನೇತುಹಾಕಿದ್ದಾರೆ. ಐನೂರು ಜನ ಎಳೆದರೆ ಐನೂರು ಥರ ಎಳೆಯುತ್ತಾರೆ. ಒಬ್ಬನಿಗೆ ಸುಸ್ತು, ಒಬ್ಬನಿಗೆ ಭಯ. ಕಲ್ಲು ತುಂಬಿದ ಪೆಟ್ಟಿಗೆ ಮಾತ್ರ ಪ್ರತಿ ಸಲವೂ ಒಂದೇ ಥರ ಬೀಳುತ್ತದೆ. ಡೆನ್ಮಾರ್ಕಿನವರು 1989ರಲ್ಲಿ ಇಂಥದೊಂದನ್ನು ಮತ್ತೆ ಕಟ್ಟಿ ನೋಡಿದರು. 180 ಮೀಟರ್ ದೂರದಲ್ಲಿ ಅದರ ಕಲ್ಲುಗಳು ಆರು ಮೀಟರಿನ ಒಂದು ಚೌಕದೊಳಗೇ ಬೀಳುತ್ತಿದ್ದವು. ಗೋಡೆ ಒಡೆಯುವವರಿಗೆ ಬೇಕಾದದ್ದು ಇದೇ. ಒಂದು ಕಲ್ಲಿಗೆ ಯಾವ ಗೋಡೆಯೂ ಬೀಳುವುದಿಲ್ಲ. ಅದೇ ಜಾಗಕ್ಕೆ ಮತ್ತೆ ಮತ್ತೆ ಬೀಳಬೇಕು.

ಅಲ್ಲಿಂದ ಮುಂದಿನ ಇನ್ನೂರು ವರ್ಷ ಇದರದೇ ಕಾಲ. ಹೆಸರಿಡುವ ಹುಚ್ಚೂ ಹತ್ತಿತು. 1191ರಲ್ಲಿ ಪ್ಯಾಲೆಸ್ಟೀನ್ ಕರಾವಳಿಯ ಏಕರ್ ಊರಿನ ಮುತ್ತಿಗೆಯಲ್ಲಿ ಫ್ರಾನ್ಸಿನ ದೊರೆ ಫಿಲಿಪ್‌ನ ಯಂತ್ರದ ಹೆಸರು ಕೆಟ್ಟ ನೆರೆಯವ. ಕೋಟೆಯ ಒಳಗಿನಿಂದ ಅದಕ್ಕೆ ತಿರುಗಿ ಹೊಡೆಯುತ್ತಿದ್ದ ಯಂತ್ರಕ್ಕೆ ಇವರೇ ಕೊಟ್ಟ ಹೆಸರು ಕೆಟ್ಟ ದಾಯಾದಿ! ನೆರೆಯವನನ್ನು ದಾಯಾದಿ ಆಗಾಗ ಮುರಿಯುತ್ತಿದ್ದ, ಇವರು ಮತ್ತೆ ಕಟ್ಟುತ್ತಿದ್ದರು. ಇಂಗ್ಲೆಂಡಿನ ರಿಚರ್ಡ್ ಅಲ್ಲಿಗೆ ಬರುವಾಗ ಸಿಸಿಲಿ ದ್ವೀಪದ ಮೆಸ್ಸಿನಾದಿಂದ ಹಡಗಿನಲ್ಲಿ ಗಟ್ಟಿ ಕಲ್ಲು ತುಂಬಿಸಿಕೊಂಡು ಬಂದಿದ್ದ. ಏಕರ್‌ನಲ್ಲಿ ಕಲ್ಲಿಗೆ ಬರವೇ ಅಂತ ನಗಬೇಡಿ. ಮೆತ್ತನೆ ಕಲ್ಲು ಗೋಡೆಗೆ ಬಡಿದು ತಾನೇ ಪುಡಿಯಾಗುತ್ತದೆ.

ಅದೇ ಏಕರ್‌ಗೆ ನೂರು ವರ್ಷದ ನಂತರ, 1291ರಲ್ಲಿ, ಈಜಿಪ್ಟಿನ ಮಾಮ್ಲೂಕ್ ಸುಲ್ತಾನ ಮುತ್ತಿಗೆ ಹಾಕಿದ. ಆ ಸೈನ್ಯದಲ್ಲಿ ಅಬುಲ್ ಫಿದಾ ಎಂಬ ಹದಿನೆಂಟರ ಆಸುಪಾಸಿನ ರಾಜಕುಮಾರನಿದ್ದ. ಮುಂದೆ ದೊಡ್ಡ ಇತಿಹಾಸಕಾರನಾದ. ಆಗ ಅವನಿಗೆ ಕೊಟ್ಟ ಕೆಲಸ ಏನು ಗೊತ್ತೆ? ಅಲ್-ಮನ್ಸೂರಿ ಎಂಬ ದೊಡ್ಡ ಯಂತ್ರವನ್ನು ಬಿಚ್ಚಿ ಸುಮಾರು ನೂರು ಗಾಡಿಗಳಿಗೆ ಹೇರಿದ್ದರು. ಅದರಲ್ಲಿ ಒಂದು ಗಾಡಿಯ ಉಸ್ತುವಾರಿ. ಚಳಿಗಾಲ. ದಾರಿಯುದ್ದಕ್ಕೂ ಮಳೆ, ಹಿಮ. ಗಾಡಿ ಭಾರ, ಎತ್ತುಗಳು ಚಳಿಗೆ ಸತ್ತವು. ಕುದುರೆಯ ಮೇಲೆ ಎಂಟು ದಿನದ ದಾರಿಗೆ ಒಂದು ತಿಂಗಳು ಹಿಡಿಯಿತು ಎಂದು ಅವನೇ ಬರೆದಿದ್ದಾನೆ. ಮಾಗಿಯ ಮಳೆಯಲ್ಲಿ ಕಬ್ಬಿನ ಗಾಡಿ ಹೂತುಕೊಂಡದ್ದನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಯಂತ್ರದ ಲೆಕ್ಕ ಸುಲಭ. ಅದನ್ನು ಕೋಟೆಯ ಮುಂದೆ ತಂದು ನಿಲ್ಲಿಸುವುದೇ ಯುದ್ಧದ ಅರ್ಧ.

ಇನ್ನೊಂದು ಕಥೆ ಚೀನಾದ್ದು. ಹಾನ್ ನದಿಯ ಈಚೆ ದಡದಲ್ಲಿ ಶಿಯಾಂಗ್‌ಯಾಂಗ್, ಆಚೆ ದಡದಲ್ಲಿ ಫಾನ್‌ಚೆಂಗ್. ಈ ಜೋಡಿ ಕೋಟೆಗಳು ಮಂಗೋಲರ ದೊರೆ ಕುಬ್ಲಾಯ್ ಖಾನನನ್ನು ಐದು ವರ್ಷ ತಡೆದು ನಿಲ್ಲಿಸಿದವು. ಕಲ್ಲೆಸೆಯುವ ತೊಲೆ ಹುಟ್ಟಿದ ನಾಡು ಅದು. ಆದರೆ ಅಲ್ಲಿ ಇನ್ನೂ ಹಗ್ಗ ಜಗ್ಗುತ್ತಿದ್ದರು. ಖಾನ ಪರ್ಷಿಯಾದಲ್ಲಿದ್ದ ತನ್ನ ತಮ್ಮನ ಮಗನಿಗೆ ಹೇಳಿ ಕಳಿಸಿದ. ಅಲ್ಲಿಂದ ಇಸ್ಮಾಯಿಲ್, ಅಲಾವುದ್ದೀನ್ ಎಂಬ ಇಬ್ಬರು ಕುಶಲಕರ್ಮಿಗಳು ಬಂದು ಭಾರದ ಪೆಟ್ಟಿಗೆಯ ಯಂತ್ರ ಕಟ್ಟಿದರು. 1273ರ ಮೊದಲಲ್ಲಿ ಫಾನ್‌ಚೆಂಗ್ ಬಿತ್ತು. ಆಮೇಲೆ ಶಿಯಾಂಗ್‌ಯಾಂಗ್‌ಗೆ ಗುರಿಯಿಟ್ಟರು. ಕಲ್ಲಿನ ತೂಕ 150 ಜಿನ್, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 90 ಕಿಲೋ. ಒಂದು ಕಲ್ಲು ನಗಾರಿ ಗೋಪುರಕ್ಕೆ ಬಡಿದ ಸದ್ದು ಗುಡುಗಿನಂತಿತ್ತು. ಸೇನಾಪತಿ ಲೂ ವೆನ್‌ಹ್ವಾನ್ ಶರಣಾದ. ನೂರಾರು ವರ್ಷದ ಹಿಂದೆ ಚೀನಾದಿಂದ ಹೊರಟ ತೊಲೆ ಹೊಟ್ಟೆ ಬೆಳೆಸಿಕೊಂಡು ತವರಿಗೆ ಬಂದಿತ್ತು.

ಇದರಲ್ಲಿ ತಮಾಷೆ ಏನೆಂದರೆ, ಮಾರ್ಕೊ ಪೋಲೊ ತನ್ನ ಪುಸ್ತಕದಲ್ಲಿ ಈ ಯಂತ್ರ ಕಟ್ಟಿಸಿದವರು ನಾವೇ, ನನ್ನ ಅಪ್ಪ, ಚಿಕ್ಕಪ್ಪ ಮತ್ತು ನಾನು ಅಂತ ಹೇಳಿಕೊಂಡಿದ್ದಾನೆ. ಅವರು ಖಾನನ ಆಸ್ಥಾನ ಮುಟ್ಟಿದ್ದು 1275ರ ಸುಮಾರಿಗೆ. ಕೋಟೆ ಬಿದ್ದದ್ದು 1273ರಲ್ಲಿ. ಮದುವೆ ಮುಗಿದ ಮೇಲೆ ಬಂದು ಲಗ್ನ ಮಾಡಿಸಿದ್ದೇ ನಾನು ಅನ್ನುವ ನೆಂಟರು ಎಲ್ಲ ಊರಲ್ಲೂ ಇರುತ್ತಾರೆ.

ಈಗ ನನಗೆ ಇಷ್ಟವಾದ, ಸ್ವಲ್ಪ ಬೇಸರವೂ ತರುವ ಕಥೆಗೆ ಬರುತ್ತೇನೆ. ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಕೋಟೆ, 1304. ಬಂಡೆಯ ಮೇಲಿನ ಕೋಟೆ. ಒಳಗೆ ವಿಲಿಯಂ ಆಲಿಫಂಟ್ ಎಂಬ ನಾಯಕ, ಅವನ ಜೊತೆ ಒಂದು ಸಣ್ಣ ಗುಂಪು. ಹೊರಗೆ ಇಂಗ್ಲೆಂಡಿನ ದೊರೆ ಮೊದಲನೆಯ ಎಡ್ವರ್ಡ್, ವಯಸ್ಸು 65, ಜೊತೆಗೆ ಹತ್ತಕ್ಕಿಂತ ಜಾಸ್ತಿ ಕಲ್ಲೆಸೆಯುವ ಯಂತ್ರಗಳು. ಪೆಟ್ಟಿಗೆಗಳಿಗೆ ಭಾರ ಬೇಕಲ್ಲ? ಸೀಸ ಬೇಕು. ಸೀಸ ಎಲ್ಲಿದೆ? ಇಗರ್ಜಿಗಳ ಚಾವಣಿಯಲ್ಲಿ. ಸುತ್ತಲಿನ ಇಗರ್ಜಿಗಳ ಚಾವಣಿ ಸುಲಿಸಿದ. ದೊಡ್ಡ ಮನಸ್ಸು ಮಾಡಿ ಪೂಜೆಯ ಪೀಠದ ಮೇಲಿನ ಭಾಗ ಮಾತ್ರ ಹಾಗೇ ಉಳಿಸಿದ.

ಅಷ್ಟೂ ಯಂತ್ರ ಸಾಲದೆ ಎಡ್ವರ್ಡ್ ಅಲ್ಲಿಯೇ ಇನ್ನೊಂದನ್ನು ಕಟ್ಟಿಸಲು ಶುರು ಮಾಡಿದ. ಐದು ಜನ ಮೇಸ್ತ್ರಿ ಬಡಗಿಗಳು, ಅವರ ಕೈಕೆಳಗೆ ಸುಮಾರು ಐವತ್ತು ಜನ, ಹತ್ತಿರ ಹತ್ತಿರ ಮೂರು ತಿಂಗಳ ಕೆಲಸ. ಹೆಸರು ಯುದ್ಧದ ತೋಳ. ರಾಣಿ, ಅವಳ ಸಖಿಯರು ಕೂತು ನೋಡಲೆಂದು ಊರಿನ ಒಂದು ಮನೆಗೆ ಕಿಟಕಿ ಬೇರೆ ಮಾಡಿಸಿದ. ತೋಳ ಮುಗಿಯುವ ಹೊತ್ತಿಗೆ, ಜುಲೈ 20ರಂದು, ಒಳಗಿನವರು ಶರಣಾಗುತ್ತೇವೆ ಅಂದರು. ಎಡ್ವರ್ಡ್ ಒಪ್ಪಲಿಲ್ಲ. ತೋಳ ಹೊಡೆಯುವವರೆಗೆ ನನ್ನ ಕಡೆಯ ಯಾರೂ ಕೋಟೆಗೆ ಕಾಲಿಡಬಾರದು ಎಂದು ಅಪ್ಪಣೆ ಮಾಡಿದ. ಒಳಗಿನವರು ಬೇಕಾದರೆ ಅವಿತುಕೊಳ್ಳಲಿ. ಸೋತ ಕೋಟೆಯ ಮೇಲೆ ಕಲ್ಲು ಬಿತ್ತು, ಗೋಡೆಯ ಒಂದು ಭಾಗ ಕುಸಿಯಿತು. ಆಮೇಲೆ ಶರಣಾಗತಿ. ಯಂತ್ರ ಕಟ್ಟಿದ ಬಡಗಿಗಳ ಮೇಲೆ ನನಗೆ ಮೆಚ್ಚುಗೆ. ಆದರೆ ಈ ಮುದುಕ ದೊರೆಯ ಮೇಲೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಹೊಸ ಪಟಾಕಿ ತಂದ ಹುಡುಗ ಮಳೆ ಬಂದರೂ ಹಚ್ಚಿಯೇ ತೀರುತ್ತೇನೆ ಅಂದ ಹಾಗಿದೆ.

ಆ ತೋಳ ಎಷ್ಟು ದೊಡ್ಡದಿತ್ತು ಎಂದು ಅಂತರ್ಜಾಲದಲ್ಲಿ ಹುಡುಕಿದರೆ ಬಾಯಿಗೆ ಬಂದ ಅಳತೆಗಳು ಸಿಗುತ್ತವೆ, ನಂಬಬೇಡಿ. ನಕ್ಷೆ ಬರೆದಿಡುತ್ತಿದ್ದದ್ದೇ ಅಪರೂಪ. 13ನೆಯ ಶತಮಾನದ ಫ್ರೆಂಚ್ ಕುಶಲಿಗ ವಿಲಾರ್ ದ ಒನಕೂರ್‌ನ ಟಿಪ್ಪಣಿ ಪುಸ್ತಕದಲ್ಲಿ ಒಂದು ಟ್ರೆಬುಶೆಯ ನಕ್ಷೆ ಇದೆ. ನೆಲದ ಮೇಲಿನ ಚೌಕಟ್ಟು ಬಿಡಿಸಿದ್ದಾನೆ, ಮಣ್ಣು ತುಂಬುವ ದೊಡ್ಡ ಪೆಟ್ಟಿಗೆಯ ಅಳತೆ ಹೇಳಿದ್ದಾನೆ. ತೊಲೆ, ಕವಣೆ ಇರಬೇಕಾಗಿದ್ದ ಪಕ್ಕದ ಹಾಳೆ ಮಾತ್ರ ಕಳೆದುಹೋಗಿದೆ. ಬೇಕಾದ ಹಾಳೆಯೇ ಹೋಗುವುದು, ಅಲ್ವಾ?

ಇಲ್ಲಿಗೆ ನನ್ನ ಮಾತು ನಿಲ್ಲಿಸಿದ್ದೆ. ಆಮೇಲೆ ಪ್ರಶ್ನೆಗಳು ಬಂದವು. ಅವುಗಳಲ್ಲಿ ಕೆಲವನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬ ಹುಡುಗಿ ಕೇಳಿದಳು: ಹೆಂಗಸರು ಇದನ್ನು ನಡೆಸುತ್ತಿದ್ದರಾ? ಹೌದಮ್ಮ, ಹಗ್ಗ ಜಗ್ಗುವ ಥರದ್ದನ್ನು ಯಾರು ಬೇಕಾದರೂ ಎಳೆಯಬಹುದಿತ್ತು. 1218ರ ಜೂನ್ ತಿಂಗಳಲ್ಲಿ ದಕ್ಷಿಣ ಫ್ರಾನ್ಸಿನ ಟುಲೂಸ್ ನಗರಕ್ಕೆ ಮುತ್ತಿಗೆ ಹಾಕಿದ್ದ ಸಿಮೊನ್ ದ ಮಾಂಟ್‌ಫೋರ್ಟ್ ತಲೆಗೆ ಕಲ್ಲು ಬಿದ್ದು ಸತ್ತ. ಆ ಯಂತ್ರವನ್ನು ಊರಿನ ಹೆಂಗಸರು, ಹುಡುಗಿಯರು ನಡೆಸುತ್ತಿದ್ದರು ಎಂದು ಆ ಕಾಲದ ಕಾವ್ಯವೇ ಹೇಳುತ್ತದೆ.

ಹೆಣಗಳನ್ನು ಎಸೆದು ಪ್ಲೇಗ್ ಹರಡಿಸಿದ್ದು ನಿಜವೇ ಎಂದು ಇನ್ನೊಬ್ಬರು. 1346ರಲ್ಲಿ ಕಪ್ಪು ಸಮುದ್ರದ ಕಾಫಾ ಊರಿನಲ್ಲಿ ಮಂಗೋಲರು ಹಾಗೆ ಮಾಡಿದರು ಎಂದು ಇಟಲಿಯ ಗೇಬ್ರಿಯೆಲ್ ದೆ ಮುಸ್ಸಿಸ್ ಬರೆದಿದ್ದಾನೆ. ಅವನು ಅಲ್ಲಿ ಇರಲಿಲ್ಲ. ಎಸೆದಿರಲೂಬಹುದು. ಆದರೆ ಇಲಿಗಳಿಗೆ ಗೋಡೆ ದಾಟಲು ಟ್ರೆಬುಶೆ ಬೇಕಿಲ್ಲ.

ನಮ್ಮ ಕಡೆ ಇದರ ಬಳಕೆ ಹೇಗಿತ್ತು ಎಂದು ನಿವೃತ್ತ ಮೇಷ್ಟ್ರೊಬ್ಬರು ಕೇಳಿದರು. ದಿಲ್ಲಿಯ ಸುಲ್ತಾನರ ಮುತ್ತಿಗೆಗಳಲ್ಲಿ ಇದು ಮಾಮೂಲಿ. 1301ರಲ್ಲಿ ರಣಥಂಬೋರ್‌ನಲ್ಲಿ ಅಲಾವುದ್ದೀನ್ ಖಿಲ್ಜಿಯ ದೊಡ್ಡ ಸೇನಾಪತಿ ನುಸ್ರತ್ ಖಾನ್ ಕೋಟೆಗೆ ತೀರ ಹತ್ತಿರ ಹೋಗಿ ಕೆಲಸದ ಮೇಲ್ವಿಚಾರಣೆ ಮಾಡುತ್ತಿದ್ದ. ಒಳಗಿನಿಂದ ಯಂತ್ರದ ಕಲ್ಲು ಬಂದು ಬಡಿಯಿತು, ಕೆಲವೇ ದಿನದಲ್ಲಿ ತೀರಿಕೊಂಡ. ಯಂತ್ರ ಹೊರಗಿನವರ ಸೊತ್ತು ಮಾತ್ರ ಆಗಿರಲಿಲ್ಲ ಅನ್ನುವುದು ಇಲ್ಲಿ ಗೊತ್ತಾಗುತ್ತದೆ. ಆಮೇಲೆ ತೋಪು ಬಂತು. ವಿಜಯಪುರದ ಮಲಿಕ್-ಎ-ಮೈದಾನ್ ತೋಪು ನೋಡಿದ್ದೀರಲ್ಲ? ಮೈದಾನದ ಒಡೆಯ ಅಂತ ಅರ್ಥ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ಯಂತ್ರ ಬದಲಾಯಿತು, ಹೆಸರಿಡುವ ಚಾಳಿ ಬದಲಾಗಲಿಲ್ಲ.

ತೋಪು ಬಂದ ಮೇಲೂ ಟ್ರೆಬುಶೆ ತಕ್ಷಣ ಹೋಗಲಿಲ್ಲ. ನೂರಕ್ಕೂ ಹೆಚ್ಚು ವರ್ಷ ಎರಡೂ ಅಕ್ಕಪಕ್ಕ ನಿಂತು ಹೊಡೆದವು. 1480ರಲ್ಲಿ ಆಟೊಮನ್ ತುರ್ಕರು ರೋಡ್ಸ್ ದ್ವೀಪಕ್ಕೆ ಮುತ್ತಿಗೆ ಹಾಕಿದಾಗ ಒಳಗಿನವರು ಒಂದು ಟ್ರೆಬುಶೆ ಕಟ್ಟಿ ತುರ್ಕರ ತೋಪುಗಳ ಮೇಲೆಯೇ ಕಲ್ಲು ಎಸೆದರು. ಅದಕ್ಕಿಟ್ಟ ಹೆಸರು ಕಪ್ಪ. ಸುಲ್ತಾನ ಕಪ್ಪ ಕೇಳಿದ್ದನಲ್ಲ, ತಗೋ ಅಂತ.

ಹಾಗಾದರೆ ಕೊನೆಯ ಸಲ ಎಲ್ಲಿ ಬಳಸಿದರು? ಇದು ಕಡೆಯ ಪ್ರಶ್ನೆ. ಕೇಳಿದವರು ನಮ್ಮ ಅಧ್ಯಕ್ಷರೇ, ಇನ್ನೂ ಪಕ್ಕಕ್ಕೇ ನಿಂತಿದ್ದರು.

ಹೆಸರಾದ ಕೊನೆಯ ಬಳಕೆ ಮೆಕ್ಸಿಕೊದಲ್ಲಿ. 1521. ಸ್ಪೇನಿನ ಕೋರ್ಟೆಸ್ ಅಜ್ಟೆಕರ ರಾಜಧಾನಿಗೆ ಮುತ್ತಿಗೆ ಹಾಕಿ ತಿಂಗಳುಗಳಾಗಿದ್ದವು. ಮದ್ದಿನ ಪುಡಿ ಮುಗಿಯುತ್ತಾ ಬಂದಿತ್ತು. ಇಟಲಿಯ ಯುದ್ಧಗಳಲ್ಲಿ ಇದ್ದು ಬಂದವನೊಬ್ಬ, ನನಗೆ ಕಲ್ಲೆಸೆಯುವ ಯಂತ್ರ ಕಟ್ಟಲು ಬರುತ್ತದೆ ಅಂದ. ಬಡಗಿಗಳು, ಮರ, ಹಗ್ಗ ಎಲ್ಲ ಕೊಟ್ಟರು. ಅದೇ ನಗರದ ಟ್ಲಾಟೆಲೊಲ್ಕೊ ಸಂತೆಯ ನಡುವಿನ ಕಟ್ಟೆಯ ಮೇಲೆ ಯಂತ್ರ ಎದ್ದಿತು. ಕೋರ್ಟೆಸ್ ಕಡೆಯ ಸ್ಥಳೀಯರು ಎದುರಿನವರಿಗೆ, ಇದು ನಿಮ್ಮನ್ನೆಲ್ಲ ಮುಗಿಸುತ್ತದೆ ಎಂದು ಹೆದರಿಸುತ್ತಿದ್ದರು. ಕಲ್ಲು ಇಟ್ಟು ಬಿಟ್ಟರು. ಕಲ್ಲು ನೆಟ್ಟಗೆ ಮೇಲೆ ಹೋಯಿತು. ಹೋದ ಹಾಗೆಯೇ ಇಳಿದು ಯಂತ್ರ ಇದ್ದ ಜಾಗಕ್ಕೇ ಬಿತ್ತು. ಕಣ್ಣಾರೆ ಕಂಡ ಸೈನಿಕ ಬೆರ್ನಾಲ್ ಡಿಯಾಸ್ ಬರೆದಿಟ್ಟಿದ್ದಾನೆ. ಕೋರ್ಟೆಸ್‌ಗೆ ವಿಪರೀತ ಸಿಟ್ಟು ಬಂದು ಯಂತ್ರವನ್ನು ಬಿಚ್ಚಿಸಿದನಂತೆ.

ನನಗಂತೂ ಅನಿಸುವುದು, ಆ ಪುಣ್ಯಾತ್ಮನ ಮೊಳೆಯೂ ನೆಟ್ಟಗಿತ್ತು ಅಂತ. ಆದರೆ ಕೋರ್ಟೆಸ್ ತನ್ನ ದೊರೆಗೆ ಬರೆದ ಪತ್ರದಲ್ಲಿ ಇದಕ್ಕೊಂದು ದಾರಿ ಹುಡುಕಿಕೊಂಡ. ಯಂತ್ರ ಕೆಲಸ ಮಾಡಲಿಲ್ಲ ಎಂದು ಊರಿನವರಿಗೆ ಗೊತ್ತಾಗಬಾರದಲ್ಲ. ಅದಕ್ಕೆ, ನಿಮ್ಮ ಮೇಲೆ ಕನಿಕರ ಹುಟ್ಟಿ ನಾವೇ ಎಸೆಯುವುದನ್ನು ನಿಲ್ಲಿಸಿದೆವು ಎಂದು ಅವರಿಗೆ ಹೇಳಿದೆವು, ಅಂತ ಬರೆದ.